ಸ್ಪ್ರೇ ಬಿಡಿ, ಮೊದಲು ಒಂದು ಪೈಪ್ ತುಂಡು ಹುಡುಕಿ

ಅಪ್ಪನ ಸೈಕಲ್ಲಿನಲ್ಲಿ ಪೆಡಲ್ ತೋಳನ್ನು ಹಿಡಿದಿಡುವ ಕಾಟರ್ ಪಿನ್, ಪೆಡಲ್, ಸೀಟ್ ಪಿಲ್ಲರ್ (ಸೀಟಿನ ಕಂಬಿ) ಮೂರೂ ತುಕ್ಕು ಹಿಡಿದು ಕಚ್ಚಿಕೊಂಡಿವೆ, ಯಾವ ಸ್ಪ್ರೇ ತರಲಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಎಡಗೈ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು.

ನನ್ನದು ಮಾವನ ರಾಲಿ ಸೈಕಲ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು, ಚೈನ್ ಚಕ್ರದಲ್ಲಿ ಕೊಕ್ಕರೆ ತಲೆಗಳ ಕೆತ್ತನೆ ಇತ್ತು. ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಯಾರದೋ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಆಮೇಲೆ ಭಾಂಡೂಪಿನ ನಮ್ಮ ಚಾಳಿನ ಮೆಟ್ಟಿಲ ಕೆಳಗೆ ಹನ್ನೊಂದು ಮಳೆಗಾಲ ನಿಂತಿತ್ತು. ಮುಂಬೈ ಮಳೆ ಗೊತ್ತಲ್ಲ, ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಕಬ್ಬಿಣ ಯಾವ ಲೆಕ್ಕ.

ಒಂದು ಭಾನುವಾರ ನಾನೂ ನಿಮ್ಮ ಹಾಗೆ ಸ್ಪ್ರೇ ನಂಬಿ, ಡಬ್ಲ್ಯುಡಿ-40 ಡಬ್ಬಿ ತಂದು ಧಾರಾಳ ಹೊಡೆದೆ. ಹತ್ತು ನಿಮಿಷ ಕಾದೆ. ಹತ್ತೇ ನಿಮಿಷ! ಕಾಟರ್ ಪಿನ್ನಿನ ನಟ್ಟು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ಸೈಕಲ್ ಸ್ಟ್ಯಾಂಡ್ ಮೇಲೆ ನಿಂತ ಹಾಗೇ, ಗೋಡೆಗೆ ಮೊಳೆ ಹೊಡೆಯುವ ಪುಟ್ಟ ಸುತ್ತಿಗೆಯಿಂದ ಟಕಟಕ ಶುರುಮಾಡಿದೆ.

ಇಲ್ಲೇ ಕೆಟ್ಟದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಾಟರ್ ಪಿನ್ ಅಂದರೆ ಒಂದು ಬೆಣೆ. ಅದರ ಒಂದು ಮೈ ಓರೆಯಾಗಿ ಚಪ್ಪಟೆ. ಆ ಚಪ್ಪಟೆ ಮೈ ಆಕ್ಸಲಿನ ಕಚ್ಚಿನ ಮೇಲೆ ಕೂತು ಕ್ರ್ಯಾಂಕನ್ನು, ಅಂದರೆ ಪೆಡಲ್ ತೋಳನ್ನು, ಬಿಗಿ ಹಿಡಿಯುತ್ತದೆ. ಮೇಲಿನಿಂದ ಹೊಡೆದಾಗ ಕ್ರ್ಯಾಂಕಿನ ಕೆಳಗೆ ಆಸರೆ ಇಲ್ಲದಿದ್ದರೆ ಪಿನ್ ಇಳಿಯುವುದಿಲ್ಲ, ಇಡೀ ಸೈಕಲ್ಲೇ ತಗ್ಗಿ ಏಳುತ್ತದೆ, ಅರ್ಧ ಪೆಟ್ಟು ಟಯರ್ ನುಂಗುತ್ತದೆ. ಉಳಿದರ್ಧ ಆಕ್ಸಲಿಗೆ, ಅಲ್ಲಿಂದ ಅದರ ಸುತ್ತಲಿನ ಬಾಲ್ಸಿಗೆ (ಉಕ್ಕಿನ ಗುಂಡುಗಳಿಗೆ), ಬಾಲ್ಸಿನಿಂದ ಅವು ಉರುಳುವ ಕಪ್ಪಿಗೆ. ಒಂದೊಂದು ಪೆಟ್ಟಿಗೂ ಬಾಲ್ಸು ಕಪ್ಪಿನಲ್ಲಿ ಸಣ್ಣ ಗುಳಿ ತೋಡುತ್ತಿತ್ತು, ಮೇಲೆ ನಟ್ಟಿಲ್ಲದ ಪಿನ್ನಿನ ಮರೆ (ನಟ್ಟು ಹತ್ತುವ ತಿರುಪು) ಅಣಬೆಯ ಹಾಗೆ ಅರಳುತ್ತಿತ್ತು. ನಡುವೆ ಒಂದು ಪೆಟ್ಟು ಹೆಬ್ಬೆರಳಿಗೆ. ಕೊನೆಗೆ ಪಿನ್ ಸೊಟ್ಟಗಾಯಿತು, ನಟ್ಟು ವಾಪಸ್ ಹತ್ತಲಿಲ್ಲ.

ಸ್ಟೇಷನ್ ಹತ್ತಿರ ಫುಟ್‌ಪಾತಿನಲ್ಲಿ ಪಂಕ್ಚರ್ ಹಾಕುವ ಚಾಚಾ ನೋಡಿ ಬೈಯಲೂ ಇಲ್ಲ. “ನೀಚೇ ಟೇಕಾ ದೇನಾ ಥಾ, ಬೇಟಾ” (ಕೆಳಗೆ ಆಸರೆ ಕೊಡಬೇಕಿತ್ತು, ಮಗಾ) ಅಂದರು, ಅಷ್ಟೆ. ಡ್ರಿಲ್ ಹಾಕಿಯೇ ತೆಗೆಯಬೇಕಾಯಿತು, ಡ್ರಿಲ್ ಜಾರಿ ಕ್ರ್ಯಾಂಕಿನ ತೂತೂ ಹಾಳು. ಕೊಕ್ಕರೆ ಚಕ್ರ ಆ ಕ್ರ್ಯಾಂಕಿನ ಜೊತೆಗೇ ಹೋಯಿತು. ಕಪ್ ಆದರೂ ಹೊಸದು ಹಾಕೋಣ ಅಂದರೆ, ಹಳೇ ರಾಲಿಯ ಕಪ್ಪಿನ ಮರೆ ಇಂಚಿಗೆ 26 ಸುತ್ತು, ಅಂಗಡಿಯಲ್ಲಿ ಸಿಗುವುದು 24ರದು, ಕೂರುವುದಿಲ್ಲ. ಗುಳಿ ಬಿದ್ದ ಕಪ್ಪನ್ನೇ ಗ್ರೀಸ್ ತುಂಬಿ ಮತ್ತೆ ಹಾಕಿದೆವು. 20 ರೂಪಾಯಿಯ ಪಿನ್ನಿಗಾಗಿ ಇಷ್ಟೆಲ್ಲ. ಮಾವ ಕೇಳಿದ್ದು ಒಂದೇ: “ಅಷ್ಟು ಅರ್ಜೆಂಟ್ ಎಂತಕ್ಕೆ ಇತ್ತು ಮಾರಾಯ?”

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ, ಬೇಜಾರಾಗಬೇಡಿ. ಸಂದಿಗೆ ಇಳಿಯುವಂಥ ತೆಳು ಎಣ್ಣೆ ಯಾವುದಾದರೂ ನಡೆಯುತ್ತದೆ, ಸೀಮೆಎಣ್ಣೆ ಸಿಕ್ಕರೆ ಅದೂ ಸಾಕು. ಬೆಳಿಗ್ಗೆ ಸಂಜೆ ನಾಲ್ಕು ಹನಿಯಂತೆ ಒಂದು ವಾರ ಬಿಡಿ. ಆಮೇಲೆ ಪಿನ್ನಿನ ತಲೆ ಒಳಗೆ ಹೋಗುವಷ್ಟು ಅಗಲದ, ನೆಲದಿಂದ ಕ್ರ್ಯಾಂಕಿಗೆ ಸರಿಯಾಗಿ ತಾಗುವಷ್ಟು ಉದ್ದದ ಕಬ್ಬಿಣದ ಪೈಪ್ ತುಂಡು ಆಸರೆ ಕೊಡಿ. ನಟ್ಟನ್ನು ಪೂರ್ತಿ ತೆಗೆಯಬೇಡಿ, ಪಿನ್ನಿನ ತುದಿಗೆ ಸಮ ಬರುವ ತನಕ ಸಡಿಲಿಸಿ. ಮೊಳೆ ಸುತ್ತಿಗೆ ಬೇಡ, ಒಂದು ಕಿಲೋದ್ದು ತನ್ನಿ. ಹತ್ತು ಸಣ್ಣ ಪೆಟ್ಟಿಗಿಂತ ಒಂದು ಸರಿಯಾದ ಪೆಟ್ಟು.

ಪೆಡಲಿಗೆ ಸ್ಪಾನರ್ ಹಾಕುವ ಮೊದಲು ನೆನಪಿರಲಿ, ಎಡಗಡೆಯದಕ್ಕೆ ಉಲ್ಟಾ ಮರೆ, ಬೇರೆ ನಟ್ಟು ಬಿಚ್ಚುವುದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಸೀಟ್ ಪಿಲ್ಲರ್ ಯಾಕೆ ಬಿಚ್ಚುತ್ತೀರಿ? ಕೂತರೆ ಕಾಲು ಎಟಕುತ್ತದೆ ಅಂದರೆ ಅದರ ತಂಟೆಗೇ ಹೋಗಬೇಡಿ. ಜಾಮ್ ಆಗಿದ್ದೆಲ್ಲ ರಿಪೇರಿ ಆಗಬೇಕು ಅಂತೇನಿಲ್ಲ.

ರಾಲಿ ಈಗಲೂ ಓಡುತ್ತದೆ. ಪೆಡಲ್ ಒಂದು ಸುತ್ತು ಬಂದಾಗ ಒಂದೇ ಜಾಗದಲ್ಲಿ ‘ಕಟ್’ ಅನ್ನುತ್ತದೆ. ಚಾಳಿನ ಗೇಟಿನಲ್ಲಿ ಆ ಸದ್ದು ಕೇಳಿದ್ದೇ ಮೇಲೆ ಮನೆಯಲ್ಲಿ ಅತ್ತೆ ಚಾಕ್ಕೆ ಇಡುತ್ತಾರೆ.