ಆಪ್ತಸಲಹೆ ಪ್ರಕರಣ: ನಾಲ್ಕು ವರ್ಷವಾದರೂ ಮುಗಿಯದ ಕಾದಂಬರಿ

ಬಂದವರು 41 ವರ್ಷದ ಮಹಿಳೆ. ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯದ ಆಸುಪಾಸು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಟೀಚರು. ಮನೆಯಲ್ಲಿ ಗಂಡ, ಅತ್ತೆ, ಏಳನೇ ತರಗತಿಯ ಮಗ, ಎರಡು ಎಕರೆ ಅಡಿಕೆ ತೋಟ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದೆ. ಕಾದಂಬರಿಯ ಪಾತ್ರಗಳ ಹೆಸರೂ ಅವರು ಇಟ್ಟದ್ದಲ್ಲ. ಪ್ರಕಟಣೆಗೆ ಅವರ ಒಪ್ಪಿಗೆ ಇದೆ.

ಅವರು ತಂದ ದೂರು ಒಂದೇ: "ಬರೆಯಲು ಪುರುಸೊತ್ತಿಲ್ಲ. ಪುರುಸೊತ್ತಾದ ದಿನ ಕೈ ಓಡುವುದಿಲ್ಲ. ನಾನೇ ಸೋಮಾರಿ ಅಂತ ಕಾಣುತ್ತದೆ." 1956ರಿಂದ 1984ರವರೆಗೆ ಒಂದು ತೋಟದ ಮನೆಯ ಕಥೆ. ನಾಲ್ಕು ವರ್ಷದಲ್ಲಿ 38,000 ಪದ ಆಗಿದೆ, ಅಂದಾಜಿನ ಗುರಿ 80,000. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವುದು, ಹನ್ನೊಂದೂವರೆಗೆ ತೂಕಡಿಸುವುದು, ಬೆಳಿಗ್ಗೆ ಎದ್ದು ತನ್ನನ್ನೇ ಬೈದುಕೊಳ್ಳುವುದು. ನಿದ್ದೆ ಐದು ತಾಸು.

ಇಂಥ ಮಾತು ಕೇಳಿದ ಕೂಡಲೇ ವೇಳಾಪಟ್ಟಿ ಬರೆದುಕೊಡುವುದು ಸಲಹೆಗಾರರು ಮಾಡುವ ಮೊದಲ ತಪ್ಪು. ಬೇಸರ ಬರವಣಿಗೆಗೆ ಮಾತ್ರ ಅಂಟಿದೆಯೋ, ಎಲ್ಲದಕ್ಕೂ ಹಬ್ಬಿದೆಯೋ ನೋಡಬೇಕು. ಎರಡು ವಾರದಿಂದ ಊಟ, ನಗು, ಮಕ್ಕಳು, ಯಾವುದರಲ್ಲೂ ರುಚಿ ಇಲ್ಲ ಎಂದಿದ್ದರೆ ಕಾದಂಬರಿಯನ್ನು ಬದಿಗಿಟ್ಟು ವೈದ್ಯರ ಬಳಿ ಕಳಿಸಬೇಕಿತ್ತು. ಇವರಿಗೆ ಪಾಠ ಮಾಡುವುದು ಇಷ್ಟ, ಆಟ (ಯಕ್ಷಗಾನ) ನೋಡುವುದು ಇಷ್ಟ, ಮಗನೊಡನೆ ಜಗಳವಾಡುವುದೂ ಇಷ್ಟ. ಕಷ್ಟ ಇದ್ದದ್ದು ಆ ಒಂದು ಕಡತದ ಎದುರು ಮಾತ್ರ.

ಹಾಗಾಗಿ ಮೊದಲ ವಾರಕ್ಕೆ ಕೊಟ್ಟದ್ದು ಒಂದೇ ಕೆಲಸ, ಲೆಕ್ಕ ಇಡುವುದು. ಕಾದಂಬರಿಗಾಗಿ ಕೂತಾಗಲೆಲ್ಲ ಎಷ್ಟು ನಿಮಿಷ, ಏನು ಮಾಡಿದ್ದು, ಇಷ್ಟೇ ಬರೆಯಬೇಕು. ಒಳ್ಳೆಯದು ಕೆಟ್ಟದು ಬರೆಯಬಾರದು. ವಾರದ ಕೊನೆಗೆ ಸಿಕ್ಕಿದ್ದು 6 ತಾಸು 20 ನಿಮಿಷ. ಅದರಲ್ಲಿ ಹೊಸದಾಗಿ ಬರೆದದ್ದು 1 ತಾಸು 50 ನಿಮಿಷ. ಮೊದಲಿನಿಂದ ಓದಿ ತಿದ್ದಿದ್ದು 2 ತಾಸು 25 ನಿಮಿಷ. "ಆ ವಿಷಯ ಎಲ್ಲಿ ಬರೆದಿದ್ದೆ" ಎಂದು ಹುಡುಕಿದ್ದು 1 ತಾಸು 15 ನಿಮಿಷ. ಫಾಂಟು, ಫೈಲು ಅಂತ ಒದ್ದಾಡಿದ್ದು 50 ನಿಮಿಷ.

ಚೀಟಿಯನ್ನು ಅವರೇ ಎರಡು ಸಲ ಕೂಡಿಸಿ ನೋಡಿದರು. ಪುರುಸೊತ್ತು ಇತ್ತು. ಅದು ಕಥೆಯ ಬಾಗಿಲು ಹುಡುಕುವುದರಲ್ಲೇ ಮುಗಿಯುತ್ತಿತ್ತು. ಸೋಮಾರಿ ಎಂಬ ಪದವನ್ನು ಅಲ್ಲಿಗೇ ಬಿಡಿಸಿದೆವು.

ಎರಡನೇ ಭೇಟಿಗೆ ಎಲ್ಲವನ್ನೂ ತರಹೇಳಿದಾಗ ಬಂದದ್ದು ಏಳು ನೋಟ್ ಬುಕ್ಕು, ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿ, ತನಗೆ ತಾನೇ ಕಳಿಸಿಕೊಂಡ ನೂರಾರು ವಾಟ್ಸಾಪ್ ಸಂದೇಶ, ಲ್ಯಾಪ್‌ಟಾಪಿನಲ್ಲಿ ಮೊದಲ ಅಧ್ಯಾಯದ ಒಂಬತ್ತು ಪ್ರತಿ. ಫೈಲುಗಳ ಹೆಸರು "ಅಧ್ಯಾಯ ಹೊಸತು", "ಹೊಸತು ಕೊನೆ", "ಕೊನೆ 2", "ಇದೇ ಸರಿ". ಮೊದಲ ಅಧ್ಯಾಯ ಒಂಬತ್ತು ಸಲ ಮಿಂದಿದೆ, ಏಳನೆಯದು ಒಮ್ಮೆಯೂ ನೀರು ಕಂಡಿಲ್ಲ. ಪ್ರತಿ ಸಲ ಮೊದಲಿನಿಂದ ಓದುತ್ತಾ ಬರುವವರೆಲ್ಲರ ಕಥೆ ಇದೇ.

ಇನ್ನೊಂದು ತೊಡಕು ಕನ್ನಡದಲ್ಲಿ ಬರೆಯುವವರಿಗೇ ಮೀಸಲು. ಹಳೆಯ ಅಧ್ಯಾಯಗಳು "ನುಡಿ" ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು, ಹೊಸವು ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡಿನಲ್ಲಿ. ಹಳೆಯದನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಲ್ಯಾಪ್‌ಟಾಪಿನಲ್ಲಿ ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಹುಡುಕುವ ಪೆಟ್ಟಿಗೆಯಲ್ಲಿ "ಅಜ್ಜಿ" ಎಂದು ಬೆರಳಚ್ಚಿಸಿದರೆ ಹಳೇ ಅಧ್ಯಾಯಗಳ ಅಜ್ಜಿ ಸಿಗುವುದೇ ಇಲ್ಲ. ಅಜ್ಜಿ ಐದನೇ ಅಧ್ಯಾಯದಲ್ಲಿ ತೀರಿಹೋಗಿ ಎಂಟರಲ್ಲಿ ಕಷಾಯ ಕಾಸುವುದಕ್ಕೆ ಇದೂ ಒಂದು ಕಾರಣ.

ಸಲಹೆ: ಒಂದು ಭಾನುವಾರ ಕೂತು ಹಳೆಯದನ್ನೆಲ್ಲ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರುವುದು. ತಂದ ಮೇಲೆ ಅರ್ಕಾವತ್ತು, ದೀರ್ಘ ಮತ್ತು ಅಂಕಿಗಳನ್ನು ಕಣ್ಣಾರೆ ನೋಡಬೇಕು, ಪರಿವರ್ತನೆಯಲ್ಲಿ ಮೊದಲು ಕೆಡುವುದು ಅವೇ. ಮೂಲ ಫೈಲುಗಳನ್ನು ಅಳಿಸದೆ "ಹಳತು" ಎಂಬ ಫೋಲ್ಡರಿನಲ್ಲಿಟ್ಟು ಮತ್ತೆ ತೆರೆಯಬಾರದು. ಅಧ್ಯಾಯಕ್ಕೊಂದು ಫೈಲು, ಹೆಸರು "07 ಬಾವಿಕಟ್ಟೆ", "08 ಮಹಾಳಿ" ಎಂಬಂತೆ. ಮುಂದೆ ಸೊನ್ನೆ ಬೇಕು, ಇಲ್ಲದಿದ್ದರೆ ಕೆಲವು ಫೋನುಗಳಲ್ಲಿ 10 ಬಂದು 2ರ ಮೇಲೆ ಕೂರುತ್ತದೆ. "ಕೊನೆ" ಎಂಬ ಪದ ಯಾವ ಫೈಲಿನ ಹೆಸರಲ್ಲೂ ಬರಕೂಡದು.

ಹೆಸರು ಬದಲಿಸುವ ಕೆಲಸವನ್ನಂತೂ ಯಂತ್ರಕ್ಕೆ ಬಿಡಲೇಬಾರದು. ನಡುವೆ ಮನಸ್ಸು ಬದಲಾಗಿ ಇವರು ರಮಾಳನ್ನು ಗಿರಿಜಾ ಮಾಡಿದ್ದರು. ಒಂದೇ ಒತ್ತಿಗೆ ಎಲ್ಲವನ್ನೂ ಬದಲಿಸಿದ್ದರಿಂದ ಪುರೋಹಿತರ ಬಾಯಲ್ಲಿ "ಪರಮಾತ್ಮ" ಇದ್ದದ್ದು "ಪಗಿರಿಜಾತ್ಮ" ಆಗಿತ್ತು. ಅತ್ತ "ರಮೆಗೆ" ಎಂದು ಬರೆದ ಕಡೆಯೆಲ್ಲ ರಮೆ ಹಾಗೆಯೇ ಉಳಿದಿದ್ದಳು. ವಿಭಕ್ತಿ ಹತ್ತುವ ಭಾಷೆಯಲ್ಲಿ ಒಂದೊಂದನ್ನೂ ನೋಡಿಯೇ ಬದಲಿಸಬೇಕು.

ಇದೆಲ್ಲ ಆದ ಮೇಲೆ ಒಂದು ಇನ್ನೂರು ಪುಟದ ಬುಕ್ಕು, ಅದರಲ್ಲಿ ಮೂರೇ ಮೂರು ಭಾಗ. ಮೊದಲನೆಯದು ವರ್ಷಗಳ ಪುಟ. ವರ್ಷಕ್ಕೊಂದು ಸಾಲು, ಅದರಲ್ಲಿ ಪ್ರತಿ ಪಾತ್ರದ ವಯಸ್ಸು, ಮನೆಯಲ್ಲಿ ಆದದ್ದು, ಹೊರಗೆ ಆದದ್ದು. ಗಿರಿಜಾ ಹುಟ್ಟಿದ್ದು 1938 ಅಂದಮೇಲೆ 1956ರಲ್ಲಿ 18, 1984ರಲ್ಲಿ 46. ಒಂಬತ್ತನೇ ಅಧ್ಯಾಯದಲ್ಲಿ ಅವಳಿಗೆ 52 ಎಂದಿದ್ದುದು ಸಾಲು ಎಳೆದ ಕೂಡಲೇ ಸಿಕ್ಕಿಬಿತ್ತು. ಇನ್ನೂ ಒಂದು ಸಿಕ್ಕಿತು: 1978ರ ಪ್ರಸಂಗದಲ್ಲಿ ಮಾವ ಭೂಮಿಯ ಕಾಗದ ಹಿಡಿದು "ಕಾಸರಗೋಡಿನ ಕಲೆಕ್ಟರ" ಬಳಿ ಹೋಗುತ್ತಾರೆ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. 1978ರಲ್ಲಿ ಅದು ಕಣ್ಣೂರು ಜಿಲ್ಲೆಯ ತಾಲೂಕು, ಕಲೆಕ್ಟರನ್ನು ಕಾಣಬೇಕಾದರೆ ಮಾವ ಕಣ್ಣೂರಿನ ರೈಲು ಹತ್ತಬೇಕು. ಇದರಿಂದ ಪ್ರಸಂಗ ಕೆಡಲಿಲ್ಲ. ಮಲಯಾಳ ಬಾರದ ಮುದುಕ ಕಣ್ಣೂರಿನವರೆಗೆ ಹೋಗಿಬರುವ ಒಂದು ಹಗಲು ಕಾದಂಬರಿಗೆ ಹೊಸದಾಗಿ ಒದಗಿತು. ಹೊರಗಿನ ಸಾಲಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1, 1957ರ ಏಪ್ರಿಲ್ 1ರಿಂದ ಅಣೆಯ ಬದಲು ನಯಾಪೈಸೆ, ಗಡಿ ವಿವಾದದ ಬಗ್ಗೆ 1967ರ ಮಹಾಜನ್ ವರದಿ ಇಷ್ಟು ಬಂದರೆ ಸಾಕು. ಅಣೆ ಎಂಬ ಮಾತು ಮಾತ್ರ ಹಳಬರ ಬಾಯಲ್ಲಿ 1957ರ ನಂತರವೂ ಇರಲಿ, ಜನ ಅಷ್ಟು ಬೇಗ ಬಿಡುವುದಿಲ್ಲ.

ಎರಡನೆಯದು ಮಾತಿನ ಪುಟ. ಗಡಿನಾಡಿನ ಕಾದಂಬರಿಯಲ್ಲಿ ಇದು ಸಣ್ಣ ವಿಷಯವಲ್ಲ. ಮನೆಯವರೊಳಗೆ ಹವ್ಯಕ ಭಾಷೆ, ಕೆಲಸದವರೊಡನೆ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಯಾರು ಯಾರೊಡನೆ ಯಾವುದರಲ್ಲಿ ಮಾತಾಡುತ್ತಾರೆ, ನಿರೂಪಣೆಯಲ್ಲಿ ಅಂಗಳವೋ ಜಾಲೋ, ಜಗಲಿಯೋ ಚಾವಡಿಯೋ, ಒಮ್ಮೆ ತೀರ್ಮಾನಿಸಿ ಬರೆದಿಟ್ಟರೆ ಪ್ರತಿ ಅಧ್ಯಾಯದಲ್ಲೂ ಹೊಸದಾಗಿ ಯೋಚಿಸಬೇಕಿಲ್ಲ. ಮೂರನೆಯದು ಸಂಶಯದ ಪುಟ. ಬರೆಯುವಾಗ ಏನಾದರೂ ಖಾತ್ರಿಯಿಲ್ಲದಿದ್ದರೆ ನಂಬರು ಹಾಕಿ ಅಲ್ಲಿ ಗೀಚಬೇಕು, ಕಥೆಯೊಳಗೆ "ಸಂ 14" ಎಂದಷ್ಟೇ ಗುರುತು ಹಾಕಿ ಮುಂದೆ ಹೋಗಬೇಕು. ಬರೆಯುವ ಹೊತ್ತಿನಲ್ಲಿ ಫೋನು ಎತ್ತಿ ಹುಡುಕತೊಡಗಿದರೆ ಆ ಹೊತ್ತು ಮುಗಿಯಿತು.

ಹೊತ್ತಿನ ವಿಷಯ. "ಏಪ್ರಿಲ್ ಮೇ ರಜೆಯಲ್ಲಿ ಬರೆದು ಮುಗಿಸುತ್ತೇನೆ" ಎಂದು ಅವರು ನಾಲ್ಕು ವರ್ಷವೂ ಅಂದುಕೊಂಡಿದ್ದರು. ನಮ್ಮ ಕಡೆ ಇದು ಆಗದ ಮಾತು. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಆಮೇಲೆ ಮದುವೆ, ಉಪನಯನ, ದೇವಸ್ಥಾನದ ಬ್ರಹ್ಮಕಲಶ, ಮೇ ಕೊನೆಯ ಪತ್ತನಾಜೆಯವರೆಗೆ ಆಟ, ದೈವದ ಕೋಲ, ಮನೆತುಂಬ ನೆಂಟರು. ಅದು ಮುಗಿಯುವಾಗ ಮಳೆಗೆ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಬೋರ್ಡೋ ಹೊಡೆಯುವ ಗಡಿಬಿಡಿ. ವರ್ಷದಲ್ಲಿ ಸಮಾರಂಭವೇ ಇಲ್ಲದ ಒಂದು ತಿಂಗಳಿದೆ, ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆ ಇಲ್ಲ, ನೆಂಟರಿಲ್ಲ, ಮಳೆಗೆ ಯಾರೂ ಹೊರಡುವುದಿಲ್ಲ. ಎರಡನೇ ಸಲದ ಮದ್ದು, ಮೊದಲಿನದಾಗಿ 40–45 ದಿನಕ್ಕೆ, ಹೆಚ್ಚುಕಡಿಮೆ ಅದರೊಳಗೇ ಬೀಳುತ್ತದೆ. ಮಳೆ ಬಿಟ್ಟು ಹೊಳವಾದ ದಿನ ನೋಡಿ ಹೊಡೆಯುವುದರಿಂದ ತಾರೀಕು ಹೇಳಲಾಗದು. ಆಳುಗಳ ಚಹಾ, ಊಟಕ್ಕೆಂದು ಎರಡು ದಿನ ಲೆಕ್ಕದಿಂದ ತೆಗೆದರಾಯಿತು. ಆದ್ದರಿಂದ ದೊಡ್ಡ ಪ್ರಸಂಗಗಳನ್ನು ಆಟಿಗೆ ಇಟ್ಟೆವು. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ಮಾರ್ಚ್, ಈ ಹೊತ್ತಿನಲ್ಲಿ ಹೊಸ ಬರವಣಿಗೆ ಇಲ್ಲವೆಂದು ಮೊದಲೇ ಬರೆದುಕೊಂಡರು. ಆಗ ಬರೆಯದಿದ್ದುದಕ್ಕೆ ಬೈದುಕೊಳ್ಳುವ ಹಕ್ಕೂ ಇಲ್ಲ.

ದಿನದ ಹೊತ್ತು ರಾತ್ರಿಯಿಂದ ಬೆಳಿಗ್ಗೆಗೆ ಬಂತು: ಮಂಗಳ, ಗುರು, ಶನಿ 5.20ರಿಂದ 6ರವರೆಗೆ, ಭಾನುವಾರ ಮಧ್ಯಾಹ್ನ ಒಂದೂವರೆ ತಾಸು. ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು, ಇಲ್ಲದಿದ್ದರೆ ಈ ಏರ್ಪಾಡು ಎರಡು ವಾರವೂ ಬಾಳದು. ಮನೆಯವರೊಡನೆ "ನನಗೆ ಬರೆಯಲು ಬಿಡಿ" ಎಂದರೆ ಜಗಳವಾಗುತ್ತದೆ, ಯಾಕೆಂದರೆ ಯಾರೂ ತಡೆದಿಲ್ಲವೆಂದೇ ಅವರೆಣಿಕೆ. ಬದಲಿಗೆ ಟೀಚರು ಹೇಳಿದ್ದು: "ಈ ಮೂರು ದಿನ ಆರು ಗಂಟೆವರೆಗೆ ಕರೆಯಬೇಡಿ. ಹಾಲಿನ ಪಾತ್ರೆ ಕಟ್ಟೆಯ ಮೇಲಿರುತ್ತದೆ, ಚಹಾ ನೀವು ಮಾಡಿ." ಅತ್ತೆಯವರ ಆಕ್ಷೇಪ ಬೇರೆಯೇ ಇತ್ತು. ಲ್ಯಾಪ್‌ಟಾಪ್ ಎದುರು ಕೂತರೆ ಅದು ಕೆಲಸ, ಬುಕ್ಕು ಪೆನ್ನು ಹಿಡಿದು ಸುಮ್ಮನೆ ಕೂತರೆ ಬಿಡುವು. ಅದಕ್ಕಾಗಿ ಕೆಲವು ವಾರ ಲ್ಯಾಪ್‌ಟಾಪನ್ನು ಸುಮ್ಮನೆ ಎದುರಿಗೆ ತೆರೆದಿಟ್ಟುಕೊಂಡೇ ಕಾಗದದಲ್ಲಿ ಬರೆದರಂತೆ. ಸಲಹೆಯಲ್ಲಿ ಇದು ಇರಲಿಲ್ಲ.

ನಲವತ್ತು ನಿಮಿಷ ಸಾಲುತ್ತದೆಯೇ? ಮೊದಲ ಹದಿನೈದು ನಿಮಿಷ ಹುಡುಕಾಟಕ್ಕೆ ಹೋಗದಿದ್ದರೆ ಸಾಲುತ್ತದೆ. ಅದಕ್ಕೆ ಇದ್ದದ್ದು ಚೀಟಿ. ಪ್ರತಿ ಸಲ ಏಳುವ ಐದು ನಿಮಿಷ ಮೊದಲು ಬರೆಯುವುದನ್ನು ನಿಲ್ಲಿಸಿ, ಮುಂದೆ ಏನಾಗಬೇಕೆಂದು ಗೀಚಿ ಪುಟದ ಮೇಲೆ ಸಿಕ್ಕಿಸಬೇಕು. ಪ್ರಸಂಗ ಮುಗಿದಾಗ ಏಳಬಾರದು, ನಡುವೆಯೇ ಏಳಬೇಕು. ಅವರ ಒಂದು ಚೀಟಿ ಹೀಗಿತ್ತು: "ಗಿರಿಜಾ ಬಾವಿಕಟ್ಟೆಯಲ್ಲಿ. ಬಕೆಟ್ ಅಲ್ಲ, ಕೊಡಪಾನ. ಮೈದುನ ಪೇಪರು ಓದಿ ಹೇಳುತ್ತಾನೆ. ಇವಳು ಹಗ್ಗ ಬಿಡಬಾರದು, ಉತ್ತರ ಕೊಡಬಾರದು. ಶುರು: ಕೊಡಪಾನ ಅರ್ಧ ಮೇಲೆ ಬಂದಿತ್ತು." ಗುರುವಾರ ಬೆಳಿಗ್ಗೆ ಆ ಕೊನೆಯ ವಾಕ್ಯವನ್ನು ನಕಲು ಮಾಡಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಹಿಂದಿನ ಒಂದು ಪುಟಕ್ಕಿಂತ ಹೆಚ್ಚು ಓದುವಂತಿಲ್ಲ, ತಿದ್ದುವಂತಿಲ್ಲ.

ಲೆಕ್ಕ ಹೀಗೆ ಹಾಕಿದೆವು: ಬೆಳಗಿಗೆ 250 ಪದದಂತೆ ಮೂರು ದಿನಕ್ಕೆ 750, ಭಾನುವಾರ 500, ವಾರಕ್ಕೆ 1,250. ಉಳಿದ 42,000ಕ್ಕೆ 34 ವಾರ.

ಮೂರನೇ ಭೇಟಿಗೆ ಅವರು ಬಹಳ ಉತ್ಸಾಹದಲ್ಲಿ ಬಂದರು. ಬುಕ್ಕಿನಲ್ಲಿ ನಾಲ್ಕು ಬಣ್ಣದ ಶಾಯಿ, ಗಿರಿಜಾಳೊಬ್ಬಳಿಗೇ ಇಪ್ಪತ್ತು ಪುಟ, ಅವಳ ಅಜ್ಜನ ಮನೆಯ ನಕ್ಷೆ ಸಹ. ಹೊಸ ಬರವಣಿಗೆ ಸೊನ್ನೆ. ಇದು ನಿರೀಕ್ಷಿತವೇ. ಜೋಡಿಸಿಡುವುದರಲ್ಲಿ ಸೋಲುವ ಭಯವಿಲ್ಲ, ಹಾಗಾಗಿ ಬರೆಯಲು ಹೆದರುವವರಿಗೆ ಅದು ಬಹಳ ಹಿತವಾದ ಅಡಗುತಾಣ. ಬುಕ್ಕಿಗೆ ಕಡಿವಾಣ ಹಾಕಿದೆವು: ಭಾನುವಾರ ಅರ್ಧ ತಾಸು ಮಾತ್ರ, ಪಾತ್ರಕ್ಕೆ ಒಂದೇ ಪುಟ, ಕಥೆಯಲ್ಲಿ ಆಗಲೇ ಬರೆದಾದದ್ದು ಮಾತ್ರ ಅಲ್ಲಿ ಸೇರಬೇಕು. ಬಣ್ಣದ ಪೆನ್ನುಗಳು ಮಗನಿಗೆ ಹೋದವು.

ಆಟಿಯಲ್ಲಿ ಮೂರು ದಿನ ಕರೆಂಟಿಲ್ಲ. ಕಾಗದಕ್ಕೆ ಇಳಿದರು. ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹಬ್ಬುತ್ತದೆ, ಬಾಲ್ ಪೆನ್ನೇ ಆಗಬೇಕು. ಬರೆದ ಪುಟದ ಫೋಟೋ ಅಂದೇ ತೆಗೆದಿಡಬೇಕು. ಆ ಪುಟಗಳನ್ನು ಫೋನಿಗೆ ಓದಿ ಹೇಳಿ ಅಕ್ಷರಕ್ಕಿಳಿಸಿದಾಗ ನಿರೂಪಣೆ ಸರಿಯಾಗಿಯೇ ಬಂತು, ಹವ್ಯಕ ಸಂಭಾಷಣೆ ಮಾತ್ರ ಯಾರದೋ ಬೇರೆ ಕಥೆಯಾಯಿತು. ಸಂಭಾಷಣೆಯನ್ನು ಕೈಯಲ್ಲೇ ಬೆರಳಚ್ಚಿಸುವುದು ಲೇಸು. ಪ್ರತಿಗಳು ಮೂರು ಕಡೆ: ಲ್ಯಾಪ್‌ಟಾಪಿನಲ್ಲಿ, ತನಗೆ ತಾನೇ ಕಳಿಸಿಕೊಂಡ ಮೇಲ್‌ನಲ್ಲಿ, ಶಾಲೆಯ ಕಪಾಟಿನಲ್ಲಿಟ್ಟ ಪೆನ್‌ಡ್ರೈವ್‌ನಲ್ಲಿ. ಪೆನ್‌ಡ್ರೈವ್ ಕೂಡ ಲ್ಯಾಪ್‌ಟಾಪಿನ ಚೀಲದಲ್ಲೇ ಇದ್ದರೆ ಅದು ಎರಡನೇ ಪ್ರತಿಯೇ ಅಲ್ಲ.

ಓಣಂ ಪರೀಕ್ಷೆ ಮುಗಿದು ಎರಡು ವಾರವಾದರೂ ಅವರು ಮತ್ತೆ ಕೂರಲಿಲ್ಲ. ಬಿಟ್ಟ ದಿನಗಳನ್ನೂ ಸೇರಿಸಿ ಒಮ್ಮೆಲೇ ಬರೆಯಬೇಕೆಂಬ ಸಾಲದ ಲೆಕ್ಕ ತಲೆಯಲ್ಲಿತ್ತು. ಬಿಟ್ಟದ್ದು ಬಿಟ್ಟದ್ದೇ, ತುಂಬಿಸುವಂತಿಲ್ಲ. ತಿರುಗಿ ಕೂರುವ ಮೊದಲ ದಿನ ಹದಿನೈದೇ ನಿಮಿಷ, ಚೀಟಿಯ ವಾಕ್ಯ ಮತ್ತು ಅದರ ಮುಂದಿನ ಒಂದು ಪ್ಯಾರಾ. ಗಡಿಯಾರ ನೋಡಿ ಏಳಬೇಕು, ಆಸೆಯಾದರೂ.

ನವೆಂಬರ್ ಕೊನೆಯ ಭೇಟಿಯ ಹೊತ್ತಿಗೆ ಬರೆದ ವಾರಗಳು 17, ಒಟ್ಟು 54,000 ಪದ. ವಾರದ ಸರಾಸರಿ 1,250 ಅಲ್ಲ, 940. ಅವರು ಪೆಚ್ಚಾದರು. ಮೊದಲಿನದು ನಮ್ಮ ಅಂದಾಜು, ಇದು ಅವರ ನಿಜವಾದ ವೇಗ. ಮುಂದಿನ ಲೆಕ್ಕವನ್ನು ಇದರ ಮೇಲೇ ಹಾಕಬೇಕು. ಉಳಿದ 26,000ಕ್ಕೆ 28 ವಾರ, ಪರೀಕ್ಷೆ, ಮದುವೆಗಳಿಗೆ ಇನ್ನೈದು. ಬುಕ್ಕಿನ ಹಿಂಬದಿಯಲ್ಲಿ ಬೆರಳು ಮಡಚಿ ಎಣಿಸಿ, ಅದು ಬರುವ ಆಟಿಗೆ ಬೀಳುತ್ತದೆ ಎಂದರು. ನಿದ್ದೆ ಏಳು ತಾಸಿಗೆ ಬಂದಿದೆ. ಎಂಟನೇ ಅಧ್ಯಾಯದ ಕಷಾಯವನ್ನು ಯಾರು ಕಾಸಬೇಕೆಂದು ಇನ್ನೂ ನಿಶ್ಚಯವಾಗಿಲ್ಲ, ಅದು ಸಂಶಯದ ಪುಟದಲ್ಲಿ 23ನೆಯದು.