‘ತಪ್ಪು’, ‘ಪಾಪ’, ‘ಅಪರಾಧ’, ‘ದ್ರೋಹ’: ಎಲ್ಲಕ್ಕೂ ಅರ್ಥ ಒಂದೇನಾ? ಎಲ್ಲಿ ಯಾವುದನ್ನು ಬಳಸಬೇಕು?

ಒಂದೇ ಅಲ್ಲ. ಆದರೆ ನಿಘಂಟು ತೆಗೆದರೆ ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟು ನಿಮ್ಮನ್ನು ಸುತ್ತಾಡಿಸುತ್ತದೆ. ಕರಡು ತಿದ್ದುವುದು ನನ್ನ ಕಸುಬು. ಅನುಮಾನ ಬಂದಾಗಲೆಲ್ಲ ನಾನು ನೋಡುವುದು ಆ ಪದದ ಪಕ್ಕ ಯಾವ ಕ್ರಿಯಾಪದ ಒಗ್ಗುತ್ತದೆ ಅಂತ.

‘ತಪ್ಪು’ ದ್ರಾವಿಡ ಪದ. ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಬಸ್ಸು ತಪ್ಪಿಹೋಗುತ್ತದೆ. ಇಲ್ಲೆಲ್ಲ ನೀತಿಯ ಮಾತೇ ಇಲ್ಲ. ಹಾಗಾಗಿ ಕೂಡುವ ಲೆಕ್ಕ ಕೆಟ್ಟರೂ ತಪ್ಪು, ಹೆಂಡತಿಗೆ ಸುಳ್ಳು ಹೇಳಿದರೂ ತಪ್ಪು. ‘ತಪ್ಪಾಯ್ತು’ ಅಂದರೆ ಕ್ಷಮೆ ಕೇಳಿದ ಹಾಗೆಯೇ. ‘ಪಾಪವಾಯ್ತು’ ಅಂತ ಯಾರೂ ಕ್ಷಮೆ ಕೇಳುವುದಿಲ್ಲ.

ಪಾಪ ಮೈಗಂಟುವಂಥದ್ದು. ಅದನ್ನು ಕಟ್ಟಿಕೊಳ್ಳುತ್ತೇವೆ, ತೊಳೆದುಕೊಳ್ಳುತ್ತೇವೆ. ಕೆಲವರದು ಕೊಡವೇ ತುಂಬುತ್ತದೆ. ಸಂಸ್ಕೃತದ ಈ ಪದವನ್ನು ಕನ್ನಡ ಎಷ್ಟು ಪಳಗಿಸಿದೆ ನೋಡಿ: ಮಗು ಬಿದ್ದರೆ ‘ಅಯ್ಯೋ ಪಾಪ’ ಅನ್ನುತ್ತೇವೆ. ಕರಾವಳಿಯಲ್ಲಿ ‘ಪಾಪದವ’ ಅಂದರೆ ಸಾಧು ಮನುಷ್ಯ. ಅವನನ್ನೇ ‘ಪಾಪಿ’ ಅಂದರೆ ಜಗಳ ಗ್ಯಾರಂಟಿ.

‘ಪಾತಕ’ ಬಂದಿರುವುದು ‘ಪತ್’, ಅಂದರೆ ಬೀಳು ಎಂಬ ಧಾತುವಿನಿಂದ, ಪತನದ ಒಡಹುಟ್ಟು. ಧರ್ಮಶಾಸ್ತ್ರದ 5 ಮಹಾಪಾತಕಗಳಲ್ಲಿ ಸುರಾಪಾನವೂ ಇದೆ, ಇಂಥ ಪಾತಕ ಮಾಡಿದವರ ಸಹವಾಸವೂ ಇದೆ. ಈಗಿನ ಪತ್ರಿಕೆಗಳಲ್ಲಿ ‘ಪಾತಕಿ’ ಉಳಿದುಕೊಂಡಿರುವುದು ಹೆಚ್ಚಾಗಿ ‘ಭೂಗತ’ದ ಬಾಲವಾಗಿ.

‘ಅಪರಾಧ’ ಕಾನೂನಿನ ಕಡೆಯ ಪದ, ಅದನ್ನು ಎಸಗುತ್ತಾರೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವುದು ಅಪರಾಧ, ಪಾಪವಲ್ಲ. ವಯಸ್ಸಾದ ತಾಯಿಯನ್ನು ವಾರಗಟ್ಟಲೆ ಮಾತಾಡಿಸದೆ ಇರುವುದರ ಬಗ್ಗೆ ಯಾವ ಪೊಲೀಸರೂ ಕೇಳುವುದಿಲ್ಲ. ಇನ್ನೊಂದು ಎಚ್ಚರ: ಕೋರ್ಟು ತಪ್ಪಿತಸ್ಥ ಎಂದು ತೀರ್ಪು ಕೊಡುವವರೆಗೆ ಮನುಷ್ಯ ‘ಆರೋಪಿ’, ಆಮೇಲಷ್ಟೇ ‘ಅಪರಾಧಿ’. ವರದಿಗಳಲ್ಲಿ ನನ್ನ ಕೆಂಪು ಪೆನ್ನು ಪದೇ ಪದೇ ನಿಲ್ಲುವುದು ಇಲ್ಲೇ.

ದ್ರೋಹಕ್ಕೆ ಮೊದಲು ನಂಬಿಕೆ ಇರಬೇಕು. ಗುರುತಿಲ್ಲದವನು ನಿಮ್ಮ ದುಡ್ಡು ಹಾರಿಸಿದರೆ ಅದು ಮೋಸ. ಒಡಹುಟ್ಟಿದ ಅಣ್ಣ ಹಾರಿಸಿದರೆ ದ್ರೋಹ. ಅದರ ಜೊತೆಗಾರ ‘ಬಗೆ’. ಬಗೆಯುವುದು ಅಂದರೆ ಮನಸ್ಸಿನಲ್ಲಿ ಎಣಿಸುವುದು, ಅದು ಕೈತಪ್ಪಿ ಆಗುವಂಥದ್ದಲ್ಲ. ‘ಗೊತ್ತಿಲ್ಲದೆ ದ್ರೋಹ ಬಗೆದೆ’ ಅನ್ನುವ ವಾಕ್ಯ ಕೈಗೆ ಸಿಕ್ಕರೆ ‘ದ್ರೋಹ ಬಗೆದೆ’ ಹೊಡೆದುಹಾಕಿ ‘ತಪ್ಪು ಮಾಡಿದೆ’ ಅಂತ ಬರೆಯುತ್ತೇನೆ.