ಹೊಸದಾಗಿ ಸೇರಿದ ಸಂಸ್ಥೆಯ ಕೆಲಸ ಅರ್ಥವಾಗಲು ಕೈಯಲ್ಲಿ ನಕ್ಷೆ ಬಿಡಿಸಿದರೆ ಉಪಯೋಗವಾಗುತ್ತಾ?

ಸಹಕಾರ ಸಂಘಕ್ಕೆ ಹೊಸದಾಗಿ ಸೇರಿದ್ದೀರಿ. ಅಲ್ಲಿನ ಕಡತ, ಫಾರಂ, ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ತರುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಯಾರು ಏನು ಮಾಡುತ್ತಾರೆ ಅಂತಲೇ ತಿಳಿಯುತ್ತಿಲ್ಲ, ಸಾಫ್ಟ್‌ವೇರ್ ಇರುವಾಗ ಪೆನ್ಸಿಲ್ ಹಿಡಿದು ಕೂರುವುದು ಸುಮ್ನೆ ಟೈಮ್ ವೇಸ್ಟ್ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ, ಕೈಯಲ್ಲೇ ಬಿಡಿಸಿ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ನಾನೂ ಇದೇ ಕೆಲಸ ಮಾಡಿದ್ದೇನೆ.

ಮೊದಲ ದಿನ ಮ್ಯಾನೇಜರ್ ಒಂದು ಪ್ರಿಂಟ್ ಕೊಟ್ಟರು. ಮೇಲೆ ಅವರ ಹೆಸರು, ಕೆಳಗೆ ವಿಭಾಗಗಳು, ಅದರ ಕೆಳಗೆ ಉಳಿದವರು. ಯಾರು ಯಾರ ಮಾತು ಕೇಳಬೇಕು ಅನ್ನುವುದು ಅದರಲ್ಲಿತ್ತು. ಬೆಳೆಗಾರರು ತಂದ ಮೂಟೆ ಗೇಟಿನಿಂದ ಎಲ್ಲಿಗೆ ಹೋಗುತ್ತದೆ, ಅದರ ಜೊತೆ ಯಾವ ಚೀಟಿ ಹೋಗುತ್ತದೆ ಅನ್ನುವುದು ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಶುರು ಮಾಡಿದೆ. ಮೊದಲ ಅರ್ಧ ದಿನ ಕಟ್ಟಡಗಳನ್ನು ಅಳತೆಗೆ ಸರಿಯಾಗಿ ಬಿಡಿಸುವುದರಲ್ಲೇ ಕಳೆಯಿತು. ನೀವು ಹಾಗೆ ಮಾಡಬೇಡಿ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಬಿಡಿಸಿದ ಲಂಡನ್ ಭೂಗತ ರೈಲಿನ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನು ಅವರು ಕೈಬಿಟ್ಟಿದ್ದರು. ಯಾವುದಾದ ಮೇಲೆ ಯಾವುದು, ಎಲ್ಲಿ ರೈಲು ಬದಲಿಸಬೇಕು, ಇಷ್ಟು ಗೊತ್ತಾದರೆ ಪ್ರಯಾಣಿಕರಿಗೆ ಸಾಕಿತ್ತು. ನಮಗೂ ಅಷ್ಟೇ ಸಾಕು.

ಆಮೇಲೆ ಒಂದು ಮೂಟೆ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಹಿಂದೆ ಹೊರಟೆ. ತೂಕ, ಸ್ಯಾಂಪಲ್, ಔಟ್‌ಟರ್ನ್ (50 ಕೆಜಿ ಚೆರಿ ಹಾಕಿದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ), ಗೋಡೌನ್, ಹಲ್ಲಿಂಗ್ (ಸಿಪ್ಪೆ ತೆಗೆಯುವುದು), ಜರಡಿ, ಕೈಯಲ್ಲಿ ಬೀಜ ಆರಿಸುವ ಹಾಲ್. ಮಾಲು ಹೋಗುವ ದಾರಿಗೆ ಕಪ್ಪು ಗೆರೆ, ಕಾಗದ ಹೋಗುವ ದಾರಿಗೆ ಕೆಂಪು ಗೆರೆ. ತೂಕದ ಚೀಟಿಯಿಂದ ನೇರವಾಗಿ ಆಫೀಸಿಗೆ ಒಂದು ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ತೂಕದ ಗುಮಾಸ್ತರು ಪೆನ್ಸಿಲ್ ಕೇಳಿ ಇಸಿದುಕೊಂಡರು. "ಹಂಗಲ್ಲ ಸಾರ್, ಇದು ಮೊದಲು ಗೋಡೌನಿಗೆ ಹೋಗುತ್ತೆ. ಲಾಟ್ ನಂಬರ್ ಬಿದ್ದ ಮೇಲೇನೇ ಆಫೀಸು." ನನ್ನ ಗೆರೆಯನ್ನು ಹೊಡೆದು ಹಾಕಿ ತಮ್ಮದನ್ನು ಎಳೆದರು. ಆಮೇಲೆ ಸ್ವಲ್ಪ ಯೋಚಿಸಿ, ಬೀಜ ಆರಿಸುವ ಹಾಲಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಬರೆದು "ಅಕ್ಕನ ಬುಕ್ಕು" ಅಂದರು.

ನಾನು ಆ ಬುಕ್ಕಿನ ಹೆಸರೇ ಕೇಳಿರಲಿಲ್ಲ. ಹಾಲ್ ನೋಡಿಕೊಳ್ಳುವ ಅಕ್ಕ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಯಾವ ಲಾಟಿನಲ್ಲಿ ಎಷ್ಟು ಕರಿ ಬೀಜ ಬಂತು, ಎಷ್ಟು ಒಡೆದದ್ದು ಬಂತು, ದಿನಾ ಬರೆಯುತ್ತಿದ್ದರು. "ನನ್ನ ಕಾಫಿ ಯಾಕೆ ಇಷ್ಟು ಕಮ್ಮಿ ಬಂತು" ಅಂತ ಯಾರಾದರೂ ಬೆಳೆಗಾರರು ಫೋನ್ ಮಾಡಿದರೆ ಆಫೀಸಿನವರು ಓಡುತ್ತಿದ್ದದ್ದು ಅವರ ಹತ್ತಿರಕ್ಕೇ. ನಮ್ಮ ಕಂಪ್ಯೂಟರ್ ಪ್ಲಾನಿನಲ್ಲಿ ಆ ಪುಸ್ತಕಕ್ಕೆ ಜಾಗವೇ ಇರಲಿಲ್ಲ.

ಇದೇ ನಕ್ಷೆಯನ್ನು ಮುಂದೆ ಕಂಪ್ಯೂಟರಿನಲ್ಲಿ ನೀಟಾಗಿ ಮಾಡಿ ಅದೇ ಜನರಿಗೆ ತೋರಿಸಿದೆ. "ಚೆನ್ನಾಗಿದೆ ಸಾರ್" ಅಂದು ವಾಪಸ್ ಕೊಟ್ಟರು. ಅದರಲ್ಲಿ ಎರಡು ತಪ್ಪು ಉಳಿದಿದ್ದವು, ಯಾರೂ ಹೇಳಲಿಲ್ಲ. ಪ್ರಿಂಟ್ ಆದದ್ದನ್ನು ತಿದ್ದಲು ಜನ ಹಿಂಜರಿಯುತ್ತಾರೆ. ಪೆನ್ಸಿಲ್ ಗೆರೆ ನೋಡಿದರೆ ಇದಿನ್ನೂ ಮುಗಿದಿಲ್ಲ, ನಾನೂ ಕೈ ಹಾಕಬಹುದು ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಜಲಾನಯನ ಯೋಜನೆಯವರು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಹಾಕಿಸುವುದನ್ನು ನೋಡಿರಬಹುದು. ಅದೂ ಇದಕ್ಕೇ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಚೆಕ್‌ಲ್ಯಾಂಡ್ ಮತ್ತು ಅವರ ಜೊತೆಯವರು ಬೆಳೆಸಿದ ವಿಧಾನದಲ್ಲಿ ಇಂಥ ಚಿತ್ರಕ್ಕೆ 'ರಿಚ್ ಪಿಕ್ಚರ್' ಅಂತ ಹೆಸರಿದೆ. ಅದರಲ್ಲಿ ಜನರ ಚಿಂತೆಯನ್ನೂ ಬರೆಯುತ್ತಾರೆ. ಇಬ್ಬರ ನಡುವೆ ತಿಕ್ಕಾಟವಿದ್ದರೆ ಅಡ್ಡಡ್ಡ ಇಟ್ಟ ಎರಡು ಕತ್ತಿ ಹಾಕುತ್ತಾರೆ. ನೀವು ಕತ್ತಿ ಹಾಕುವುದಾದರೆ ಮನೆಯಲ್ಲಿರುವ ಪ್ರತಿಯಲ್ಲಿ ಹಾಕಿ, ಎಲ್ಲರೂ ನೋಡುವ ಹಾಳೆಯಲ್ಲಿ ಬೇಡ.

ಪ್ರತಿ ಫಾರಂ ಪಕ್ಕದಲ್ಲಿ ಯಾರು ತುಂಬುತ್ತಾರೆ, ಯಾರು ಓದುತ್ತಾರೆ ಎರಡನ್ನೂ ಬರೆಯಿರಿ. ಓದುವವರೇ ಇಲ್ಲದ ಫಾರಂ ಎದ್ದು ಕಾಣುತ್ತದೆ, ಒಳಗೆ ಹೋದ ಗೆರೆ ಹೊರಗೆ ಬಂದಿರುವುದಿಲ್ಲ. ನಮ್ಮಲ್ಲಿ ಬೆಳೆಗಾರರ ವಿಳಾಸವನ್ನು ನಾಲ್ಕು ಕಡೆ ಬರೆಯುತ್ತಿದ್ದರು, ಓದುತ್ತಿದ್ದದ್ದು ಒಂದೇ ಕಡೆ.

ನಿಮ್ಮ ಸಂಘದಲ್ಲಿ ಬೆಳೆ ಸಾಲ ಕೊಡುವುದಿದ್ದರೆ ಒಂದು ಅರ್ಜಿಯನ್ನು ಹಿಡಿಯಿರಿ. ರೈತರು ಪಹಣಿ ಹಿಡಿದು ಕೌಂಟರಿಗೆ ಬಂದ ಕ್ಷಣದಿಂದ ಡಿಸಿಸಿ ಬ್ಯಾಂಕಿಗೆ ಹೋಗಿ ಹಣ ಬರುವ ತನಕ ಅದರ ಜೊತೆಗೇ ಹೋಗಿ. ದಿನಾ ಸಂಜೆ ಹಾಳೆಯ ಮೇಲೆ ತಾರೀಕು ಹಾಕಿ ಫೋಟೋ ತೆಗೆದುಕೊಳ್ಳಿ, ಯಾಕೆಂದರೆ ಮರುದಿನ ಯಾರಾದರೂ ಅಳಿಸಿರುತ್ತಾರೆ. ಪೆನ್ಸಿಲ್ ಎರಡು ಇಟ್ಟುಕೊಳ್ಳಿ, ಒಂದು ಅವರಿಗೆ.